ನದಿಯವರೆಗಿನ ಹರಕೆ

ಹಿರಿಯರು ಮುಂಬಾಗಿಲಿಗೆ ಬರುವಷ್ಟರಲ್ಲಿ ಸಲೀಬಾ ಹಿಂಬಾಗಿಲಿನಿಂದ ಜಾರಿಕೊಂಡು ತನ್ನ ಟ್ಯಾಕ್ಸಿ ಹತ್ತಿದ್ದ.

ಅವರು ಬರುತ್ತಿದ್ದುದು ಇದು ನಾಲ್ಕನೆಯ ಸಲ. ಮಾದಬಾ ಊರಿನ ಪಾದ್ರಿ, ಶೇಖ್, ಮೇಷ್ಟರು ಎಲ್ಲ ಸಾಲಾಗಿ ಕೂರುತ್ತಿದ್ದರು. ಕೊಟ್ಟ ಕಾಫಿಯನ್ನು ತುಟಿಗೆ ತಾಗಿಸದೆ ಮುಂದಿಡುತ್ತಿದ್ದರು. ಅಲ್ಲಿನ ಪದ್ಧತಿ ಅದು: ಕಾಫಿ ಕೊಟ್ಟವನು "ಕುಡಿಯಿರಿ, ಬಂದ ಕೆಲಸ ಆಯಿತು" ಎನ್ನಬೇಕು, ಆಗಲೇ ಕುಡಿಯುವುದು. ಅಂದನೋ, ಕೇಳಿದ್ದನ್ನು ಕೊಟ್ಟಂತೆಯೇ. ಆ ಮಾತಿಗೆ ತಪ್ಪಿದವನ ಮನೆಗೆ ಹೆಣ್ಣು ಕೊಡುವವರಿಲ್ಲ, ಅವನ ಹೆಣ ಹೊರುವವರೂ ಇಲ್ಲ.

ಅವರು ಕೇಳುತ್ತಿದ್ದುದು ಒಂದೇ: ರಕಾನ್‌ನನ್ನು ಕ್ಷಮಿಸು. ಹತ್ತೊಂಬತ್ತರ ಆ ಹುಡುಗನ ಪಿಕಪ್ ಸಲೀಬಾನ ಎಂಟು ವರ್ಷದ ಮಗಳು ರನೀನ್ ಮೇಲೆ ಹರಿದಿತ್ತು. ತಂದೆ ಕ್ಷಮಿಸಿದರೆ ಹುಡುಗ ಹೊರಬರುತ್ತಾನೆ, ಇಲ್ಲದಿದ್ದರೆ ವರ್ಷಗಟ್ಟಲೆ ಒಳಗೆ. ನಾಳೆ ತೀರ್ಪು. ಆಗದು ಎಂದು ಹಿರಿಯರ ಮುಖಕ್ಕೆ ಹೇಳುವ ಧೈರ್ಯ ಸಲೀಬಾನಿಗಿಲ್ಲ; ಆಗಲಿ ಎನ್ನಲು ಮನಸ್ಸಿಲ್ಲ. ಇವತ್ತೊಂದು ದಿನ ಕಳೆದುಬಿಟ್ಟರೆ ಸಾಕು.

ಸ್ಟ್ಯಾಂಡಿನಲ್ಲಿ ಅವನಿಗೆ ಗುರುತಿಲ್ಲದ, ಕಪ್ಪುಡುಗೆಯ ಮುದುಕಿಯೊಬ್ಬಳು ಕಾಯುತ್ತಿದ್ದಳು.

"ಸಲೀಬಾ ಅಂದ್ರೆ ನೀನೇನಪ್ಪಾ? ಯಾರೋ ನಿನ್ನ ಹೆಸರು ಹೇಳಿದ್ರು. ಉಮ್ ಅರ್‌ರಸಾಸಿನ ಹಳೇ ಇಗರ್ಜಿಗಳು, ನೆಬೊ ಬೆಟ್ಟ, ಆಮೇಲೆ ಯೇಸುಸ್ವಾಮಿಗೆ ದೀಕ್ಷಾಸ್ನಾನ ಆದ ನದಿ. ಸಂಜೆಯೊಳಗೆ ಆಗುತ್ತಾ?"

ರೋಗಿ ಬಯಸಿದ್ದೂ ಅದೇ, ವೈದ್ಯ ಹೇಳಿದ್ದೂ ಅದೇ. "ಹತ್ತಿ ದೊಡ್ಡಮ್ಮ" ಎಂದ. ಫ್ಲಾಸ್ಕಿನಿಂದ ಒಂದು ಲೋಟ ಕಾಫಿಯನ್ನೂ ಬಗ್ಗಿಸಿಕೊಟ್ಟ. ಅವಳು ಹಿಡಿದು, ಹಾಗೇ ಪಕ್ಕಕ್ಕಿಟ್ಟಳು.

"ಉಪವಾಸಾನಾ?"

"ಹರಕೆ ಕಣಪ್ಪಾ. ಕೊನೇ ಮಗನಿಗೋಸ್ಕರ."

ಸಲೀಬಾನಿಗೆ ಅರ್ಥವಾಯಿತು. ನದಿ ಮುಟ್ಟುವವರೆಗೆ ಹನಿ ನೀರೂ ಮುಟ್ಟದ ಎಷ್ಟೋ ತಾಯಂದಿರನ್ನು ಅವನು ಕರೆದೊಯ್ದಿದ್ದ.

"ಏನಾಗಿದೆ ಮಗನಿಗೆ?"

"ನಿದ್ದೆ ಇಲ್ಲ, ರೊಟ್ಟಿ ಸೇರಲ್ಲ. ಮನೆಗೂ ಕಳಿಸ್ತಿಲ್ಲ. ಡಾಕ್ಟರ ಕೈಲಿ ಏನೂ ಇಲ್ಲ."

ಸ್ಟಿಯರಿಂಗ್ ಪಕ್ಕದಲ್ಲಿ ರನೀನ್‌ಳ ಫೋಟೋ ಇತ್ತು. ಮುದುಕಿ ಅದನ್ನು ಒಮ್ಮೆ ನೋಡಿದವಳು ಮತ್ತೆ ಆ ಕಡೆ ತಿರುಗಲಿಲ್ಲ.

ಉಮ್ ಅರ್‌ರಸಾಸಿನಲ್ಲಿ ಇಗರ್ಜಿಯ ನೆಲದ ತುಂಬ ಬಣ್ಣದ ಕಲ್ಲುಚೂರುಗಳ ಚಿತ್ರ. ಅದರಲ್ಲಿದ್ದ ಮನುಷ್ಯರ ಮುಖಗಳನ್ನೆಲ್ಲ ಹಿಂದೆ ಯಾರೋ ಕೆತ್ತಿ ತೆಗೆದಿದ್ದರು. ಸಲೀಬಾ ತೋರಿಸುತ್ತ ಹೋದ. ಮುದುಕಿ ನೆಲ ನೋಡಲಿಲ್ಲ, ಅವನ ಮುಖವನ್ನೇ ನೋಡುತ್ತಿದ್ದಳು. ಬಿಸಿಲಿಗೆ ಎರಡು ಸಲ ಗೋಡೆ ಹಿಡಿದಳು. ನೀರು ಕೊಟ್ಟರೆ ತಲೆಯಾಡಿಸಿದಳು.

ನೆಬೊ ಬೆಟ್ಟದ ಇಗರ್ಜಿಯಲ್ಲಿ ಅವನ ಮನಸ್ಸು ತಡೆಯಲಿಲ್ಲ. ನನ್ನ ಕೂಸಂತೂ ಹೋಯಿತು, ಇವಳದ್ದಾದರೂ ಉಳಿಯಲಿ ಎಂದು ತಾನೇ ಒಂದು ಮೇಣದಬತ್ತಿ ಹಚ್ಚಿದ. ಮಗಳು ಹೋದ ಮೇಲೆ ಅವನು ದೇವರನ್ನು ಏನನ್ನಾದರೂ ಕೇಳಿದ್ದು ಅದೇ ಮೊದಲು. ಮುದುಕಿ ಮುಖ ಮುಚ್ಚಿಕೊಂಡು ಅತ್ತಳು.

ನದಿಗೆ ಬಂದಾಗ ಹೊತ್ತು ಇಳಿದಿತ್ತು. ಅವಳು ಪಾದ ನೆನೆಸಿ ಮೆಟ್ಟಿಲ ಮೇಲೆ ಕುಸಿದು ಕುಳಿತಳು. ಸಲೀಬಾ ಗಾಬರಿಯಿಂದ ಕಾಫಿ ಬಗ್ಗಿಸಿಕೊಟ್ಟ. ಅವಳು ಅದನ್ನೂ ಕೆಳಗಿಟ್ಟಳು.

"ನದಿ ಬಂತಲ್ಲ ದೊಡ್ಡಮ್ಮ, ಹರಕೆ ತೀರ್ತು."

"ತೀರಿಲ್ಲಪ್ಪಾ. ನಿನ್ನ ಬಾಯಿಂದ ಒಂದು ಒಳ್ಳೇ ಮಾತು ಬರಲಿ."

"ನಾನೇನು ಪಾದ್ರೀನಾ!" ಎಂದು ನಕ್ಕ. ಮರುಗಳಿಗೆಗೆ ಅವಳ ಒಣಗಿದ ತುಟಿ ಕಂಡಿತು. ಲೋಟ ಎತ್ತಿ ಅವಳ ಕೈಗಿಟ್ಟು, ಗಟ್ಟಿಯಾಗಿ, ಮನಸಾರೆ ಹೇಳಿದ: "ಕುಡೀರಿ ದೊಡ್ಡಮ್ಮ. ಬಂದ ಕೆಲಸ ಆಯ್ತು. ನಿಮ್ಮ ಮಗ ಮನೆಗೆ ಬರ್ತಾನೆ."

ಮೆಟ್ಟಿಲ ಮೇಲಿದ್ದ ನಾಲ್ಕಾರು ಯಾತ್ರಿಕರು "ಆಮೆನ್" ಎಂದರು. ಮುದುಕಿ ಒಂದೇ ಗುಟುಕಿಗೆ ಕುಡಿದು, ಅವನ ಎರಡೂ ಕೈಗಳನ್ನು ಕಣ್ಣಿಗೊತ್ತಿಕೊಂಡಳು.

"ಮಗನ ಹೆಸರೇನು? ಇನ್ನೊಂದು ಸಲ ಪ್ರಾರ್ಥನೆ ಮಾಡ್ತೀನಿ" ಎಂದ ಸಲೀಬಾ.

"ರಕಾನ್."