ಮುಂದಿನ ಚಕ್ರಗಳ ಮುಷ್ಕರ

"ದೀಪ ಉರಿಯುತ್ತೆ, ಚಕ್ರ ತಿರುಗಲ್ಲ. ಇದ್ಯಾವ ನ್ಯಾಯ ಕಣಯ್ಯಾ?" ಎಂದು ಮೇಷ್ಟ್ರು ಗಾಡಿಯಿಂದ ಇಳಿಯುವ ಮೊದಲೇ ದೂರು ಶುರುಮಾಡಿದರು. ಗ್ಯಾರೇಜಿನ ಮೆಕ್ಯಾನಿಕ್ ಒಂದು ಕಾಲದಲ್ಲಿ ಅವರ ಹತ್ತಿರ ಲೆಕ್ಕ ಕಲಿತವನು. ಕಲಿತದ್ದಕ್ಕಿಂತ ಬೈಸಿಕೊಂಡದ್ದೇ ಹೆಚ್ಚು. ಈಗ ಅವನ ತಲೆಯೂ ನರೆತಿದೆ. ಆದರೂ ಮೇಷ್ಟ್ರ ದನಿ ಕಿವಿಗೆ ಬಿದ್ದರೆ ಸ್ಪ್ಯಾನರ್ ಕೆಳಗಿಟ್ಟು ನೆಟ್ಟಗೆ ನಿಲ್ಲುತ್ತಾನೆ.

ವಿಷಯ ಇಷ್ಟೇ. ನಿವೃತ್ತರಾದ ಮೇಲೆ ಮೇಷ್ಟ್ರು ಪ್ರತಿ ಶನಿವಾರ ತಮ್ಮ ಇಪ್ಪತ್ತೆರಡು ವರ್ಷದ ಗಾಡಿಯಲ್ಲಿ ಗುಡ್ಡದ ಮೇಲಿನ ಶಾಲೆಗೆ ಹೋಗಿ ಹನ್ನೊಂದು ಮಕ್ಕಳಿಗೆ ಲೆಕ್ಕ ಹೇಳಿಕೊಡುತ್ತಿದ್ದರು. ಕೊನೆಯ ಒಂದು ಮೈಲಿ ಬರೀ ಕೆಸರಿನ ಏರು. ನಾಲ್ಕೂ ಚಕ್ರಗಳಿಗೆ ಎಂಜಿನ್ನಿನ ಬಲ ಸಿಕ್ಕರೆ ಮಾತ್ರ ಗಾಡಿ ಹತ್ತುತ್ತದೆ. ಕಳೆದ ವಾರ ಗೇರಿನ ಪಕ್ಕದ ಸಣ್ಣ ಲಿವರ್ ಎಳೆದಾಗ ಹಸಿರು ದೀಪವೇನೋ ಹತ್ತಿತು. ಹಿಂದಿನ ಚಕ್ರಗಳಷ್ಟೇ ಕೆಸರು ಚಿಮ್ಮಿಸುತ್ತಾ ನಿಂತಲ್ಲೇ ತಿರುಗಿದವು. ಮೇಷ್ಟ್ರು ಅಲ್ಲಿಂದಲೇ ವಾಪಸು ಬಂದಿದ್ದರು.

"ಮುಂದಿನ ತಿಂಗಳು ಪರೀಕ್ಷೆ. ಭಿನ್ನರಾಶಿ ಅರ್ಧಕ್ಕೇ ನಿಂತಿದೆ," ಎಂದರು, ಫೇಲಾಗುವವರು ತಾವೇ ಎಂಬಂತೆ.

ಮೆಕ್ಯಾನಿಕ್ ನಾಲ್ಕೂ ಚಕ್ರಗಳನ್ನು ನೆಲದಿಂದ ಎತ್ತಿ ಎಂಜಿನ್ ಚಾಲೂ ಮಾಡಿಸಿದ. ಮುಂದಕ್ಕೆ ಹೋಗುವ ಶಾಫ್ಟ್ ತಿರುಗುತ್ತಿತ್ತು, ಮುಂದಿನ ಚಕ್ರಗಳು ಮಾತ್ರ ತಮಗೂ ಅದಕ್ಕೂ ಸಂಬಂಧವೇ ಇಲ್ಲವೆಂಬಂತೆ ಸುಮ್ಮನಿದ್ದವು. "ಗೇರ್‌ಬಾಕ್ಸ್ ಸರಿಯಾಗೇ ಇದೆ ಸಾರ್. ಎಂಜಿನ್ ಗಾಳಿ ಎಳೆದು ಮುಂದಿನ ಚಕ್ರಗಳನ್ನ ಶಾಫ್ಟಿಗೆ ಜೋಡಿಸೋ ಪೈಪ್ ಇದೆಯಲ್ಲ, ಅಲ್ಲೇ ಏನೋ ಆಗಿದೆ," ಎನ್ನುತ್ತಾ ಎಂಜಿನ್ ನಿಲ್ಲಿಸಿ ಕೆಳಗೆ ನುಸುಳಿದ. ಸ್ವಲ್ಪ ಹೊತ್ತಿಗೆ ಅಲ್ಲಿಂದ ನಗು ಕೇಳಿಸಿತು.

"ಪೈಪ್ ಹರಿದಿಲ್ಲ ಸಾರ್. ಯಾರೋ ಬಿಚ್ಚಿಟ್ಟಿದ್ದಾರೆ."

"ಯಾರೋ ಹೊಟ್ಟೆಕಿಚ್ಚಿನವರು!"

"ಹೊಟ್ಟೆಕಿಚ್ಚಿನವರು ಇಷ್ಟು ಚೆನ್ನಾಗಿ ಹೊಲಿಗೆ ಹಾಕ್ತಾರಾ? ಬನ್ನಿ, ನೋಡಿ."

ಗಾಳಿ ಸೋರಿ, ಅದೇ ಗಾಳಿಯ ಬಲದಲ್ಲಿ ನಡೆಯುವ ಬ್ರೇಕು ಕೆಡದಿರಲೆಂದು ಪೈಪಿನ ಬಾಯಿಗೆ ಕಿವಿಯ ಔಷಧದ ಬಾಟಲಿಯ ರಬ್ಬರ್ ಸಿಕ್ಕಿಸಿತ್ತು. ಅದಕ್ಕೆ ಧೂಳು ಕೂರದಿರಲೆಂದು ನೀಲಿ ಚೌಕಳಿ ಬಟ್ಟೆಯ ಪುಟ್ಟ ಚೀಲ, ಅಂಚು ಮಡಚಿ ಹೊಲಿದದ್ದು. ಆ ಬಟ್ಟೆಯನ್ನು ಮೇಷ್ಟ್ರು ನೋಡಿದ ತಕ್ಷಣ ಗುರುತಿಸಿದರು. ಹೋದ ವರ್ಷದವರೆಗೆ ಅದು ಅವರ ಅಂಗಿಯಾಗಿತ್ತು.

ಅಲ್ಲೇ ಸ್ಟೂಲಿನ ಮೇಲೆ ಕೂತು ಮನೆಗೆ ಫೋನ್ ಮಾಡಿದರು. "ಪೈಪ್ ಬಿಚ್ಚಿದ್ದು ನೀನಾ?"

"ನಾನೇ," ಎಂದಳು ಹೆಂಡತಿ, ಒಂದಿಷ್ಟೂ ಅಳುಕದೆ. "ಎರಡು ವಾರದ ಕೆಳಗೆ ನೀವು ಶಾಲೆಯಿಂದ ಬಂದಾಗ ಹಿಂದಿನ ಬಂಪರಿನಲ್ಲಿ ಬೇರು ಸಮೇತ ಹುಲ್ಲು ಸಿಕ್ಕಿಕೊಂಡಿತ್ತು. ಮಾರ್ಕೆಟ್ಟಲ್ಲಿ ಯಾರೋ ಗುದ್ದಿದ್ರು ಅಂದ್ರಿ. ಮಾರ್ಕೆಟ್ಟಲ್ಲಿ ಹುಲ್ಲೆಲ್ಲಿ ಬೆಳೆಯುತ್ತೆ ರೀ?"

ಮೇಷ್ಟ್ರು ಗೋಡೆಯ ಕಡೆ ತಿರುಗಿ ದನಿ ತಗ್ಗಿಸಿದರು. "ಗುಡ್ಡದಲ್ಲಿ ಸ್ವಲ್ಪ ಹಿಂದಕ್ಕೆ ಜಾರಿತು, ಅಷ್ಟೆ. ದಿಬ್ಬಕ್ಕೆ ತಾಗಿ ನಿಂತಿತಲ್ಲ. ನೀನು ಹೆದರ್ತೀಯ ಅಂತ ಹೇಳಲಿಲ್ಲ."

"ದಿಬ್ಬ ಇಲ್ಲದಿದ್ರೆ?"

ಮೂವತ್ತೈದು ವರ್ಷ ಪ್ರಶ್ನೆ ಕೇಳಿಯೇ ಬದುಕಿದ್ದ ಮೇಷ್ಟ್ರು ಈ ಪ್ರಶ್ನೆಗೆ ಮಾತು ತಿರುಗಿಸಿದರು. "ಅದಿರಲಿ, ಅಷ್ಟೊಂದು ಪೈಪುಗಳಲ್ಲಿ ಇದೇ ಅಂತ ನಿನಗೆ ಹೇಗೆ ಗೊತ್ತಾಯ್ತು?"

"ಭಾನುವಾರ ಬಂದ್ರೆ ಸಾಕು, ಗಾಡಿ ಕೆಳಗೆ ಮಲಗಿ ಪಾಠ ಮಾಡ್ತಿದ್ರಲ್ಲ, ಟಾರ್ಚ್ ಹಿಡಿದವಳು ಯಾರು?"

ಅವಳು ಆಕಳಿಸುತ್ತಿದ್ದುದಷ್ಟೇ ಮೇಷ್ಟ್ರ ನೆನಪಿನಲ್ಲಿತ್ತು. ಇಷ್ಟು ಚೆನ್ನಾಗಿ ಪಾಠ ಕೇಳಿದವರು ತಮ್ಮ ಮನೆಯಲ್ಲೇ ಇದ್ದರಲ್ಲ ಎನಿಸಿ ಅವರ ಕಣ್ಣು ತುಂಬಿ ಬಂತು. ಮೆಕ್ಯಾನಿಕ್ ಅದನ್ನು ಕಂಡು, ಒರೆಸಿದ ಸ್ಪ್ಯಾನರನ್ನೇ ಮತ್ತೆ ಒರೆಸುತ್ತಾ ನಿಂತ.

"ಮಕ್ಕಳು ಕಾಯ್ತಿರ್ತಾರೆ ಕಣೇ," ಎಂದರು ಮೇಷ್ಟ್ರು ಮೆಲ್ಲಗೆ.

ಆ ಕಡೆಯಿಂದ ಹೆಂಡತಿ, "ಮೆಕ್ಯಾನಿಕ್‌ಗೆ ಕೊಡಿ ಫೋನು," ಎಂದಳು.

"ಹೇಳಿ ಅಮ್ಮಾ."

"ಪೈಪ್ ಹಾಕಿಬಿಡಪ್ಪಾ. ಹಾಗೇ ಅವರ ಪಕ್ಕದ ಸೀಟಿನ ಬೆಲ್ಟ್ ಗಟ್ಟಿಯಾಗಿದೆಯಾ ನೋಡು. ಈ ಶನಿವಾರದಿಂದ ಬೇಕಾಗುತ್ತೆ."