ಮೇಲಿನ ತಿಳಿ

"ಹೋದ ಸಲ ಔಷಧಿ ಜಾಸ್ತಿ ಮಾಡಿದ್ದೆ. ಆದ್ರೂ ಫಿಟ್ಸ್ ನಿಂತಿಲ್ವಾ?" ಡಾಕ್ಟರು ಕೇಳಿದರು.

ಮಾದೇವಿ ಮಡಿಲಲ್ಲಿದ್ದ ಮಗನ ಬೆವರು ಒರೆಸಿದಳು. ಒಂದೇ ಉತ್ತರ ಹೇಳಿ ಹೇಳಿ ಅವಳ ನಾಲಿಗೆ ಸೋತಿತ್ತು. "ನಿಂತಿಲ್ಲ ಸಾ. ಬೆಳಕು ಹರಿತಿದ್ದಂಗೆ ನಾನು ಕಬ್ಬು ಕಡಿಯಕ್ಕೆ ಹೋಯ್ತೀನಿ. ಔಷಧಿ ಕುಡಿಸೋದು ನಮ್ಮತ್ತೆ. ಒಂದು ಹೊತ್ತೂ ತಪ್ಪಿಸಿಲ್ಲ."

ಅತ್ತೆ ಚಿಕ್ಕತಾಯಮ್ಮ ಗೋಡೆ ಹಿಡಿದು ನಿಂತಿದ್ದಳು. ಈಚೆಗೆ ಆಕೆ ನಡೆದರೆ ಕಾಲು ತಡವರಿಸುತ್ತಿತ್ತು, ಮಾತು ತೊದಲುತ್ತಿತ್ತು, ಕೂತಲ್ಲೇ ತೂಕಡಿಕೆ. ವಯಸ್ಸಾಯಿತಲ್ಲ ಎಂದುಕೊಂಡು ಮಾದೇವಿ ಆ ಚಿಂತೆಯನ್ನೂ ಹೊರೆಗೆ ಇನ್ನೊಂದು ಸೌದೆ ಸೇರಿಸಿದಂತೆ ಹೊತ್ತುಕೊಂಡಿದ್ದಳು.

"ಬಾಟ್ಲಿ ಚೆನ್ನಾಗಿ ಕುಲುಕಿ ಕೊಡ್ತೀರಾ ಅಜ್ಜಿ?"

"ಅಯ್ಯೋ, ಕುಲುಕಿದ್ರೆ ತಳದಲ್ಲಿ ಕೂತಿರೋ ಗಸಿಯೆಲ್ಲ ಮೇಲಕ್ಕೆ ಬರಲ್ವಾ ಬುದ್ಧಿ? ಎಳೆ ಕೂಸು. ಅಲುಗದಂಗೆ ಬಗ್ಸಿ ಮೇಲಿನ ತಿಳೀನೇ ಕೊಟ್ಟಿವ್ನಿ."

ಡಾಕ್ಟರು ಪೆನ್ನು ಕೆಳಗಿಟ್ಟರು. "ಅಜ್ಜೀ, ಈ ಔಷಧಿ ನೀರಲ್ಲಿ ಕರಗಲ್ಲ. ಅದಕ್ಕೇ ತಳಕ್ಕೆ ಇಳಿಯುತ್ತೆ. ನೀವು ಗಸಿ ಅಂದ್ರಲ್ಲ, ಅದೇ ಔಷಧಿ. ಮಗು ಕುಡಿದದ್ದು ಬರೀ ಸಕ್ಕರೆ ನೀರು."

ಮಾದೇವಿಗೆ ರೇಗುವುದಕ್ಕೂ ತ್ರಾಣವಿರಲಿಲ್ಲ. "ಅಷ್ಟನ್ನೂ ಚೆಲ್ಬುಟ್ರಾ ಅತ್ತೆ?"

"ಚೆಲ್ಲಕ್ಕೆ ಮನ್ಸು ಬಂದದಾ? ನೀನು ಬಿಸಿಲಲ್ಲಿ ದುಡ್ದು ತಂದದ್ದು," ಚಿಕ್ಕತಾಯಮ್ಮ ತೂಗಾಡುತ್ತ ತೊದಲಿದಳು. "ತಳದಲ್ಲಿ ಉಳ್ದದ್ದ ನಾನೇ ಕುಡ್ಕತಿದ್ದೆ ಕಣವ್ವ."