ಕಡಿವಾಣ ಬಿಟ್ಟ ಕುದುರೆ

ಮೊಮ್ಮಕ್ಕಳೇ, ಬಾಗಿಲಿನ ಒದ್ದೆ ಕಬ್ಬಿಣದ ಚಿಲಕ ಮುಟ್ಟಿ ಕೈ ಮೂಸಿದರೆ ಈಗಲೂ ನನಗೆ ಅಪ್ಪನ ಬಿಳಿ ಕುದುರೆಯ ಕಡಿವಾಣ ನೆನಪಾಗುತ್ತದೆ.

ಬಾಯೊಳಗಿನ ಆ ಕಬ್ಬಿಣದಿಂದ ಕುದುರೆಯ ಕಟಬಾಯಿ ಹುಣ್ಣಾಗಿತ್ತು. ಅಪ್ಪ ಅದನ್ನು ತೆಗೆದುಹಾಕಿ, ನೂಲಿನ ಹಗ್ಗಕ್ಕೆ ಅವ್ವನ ಹಳೆಯ ಸೀರೆ ಸುತ್ತಿ ಮೂಗುಪಟ್ಟಿ ಮಾಡಿದ. ಇನ್ನು ಲಗಾಮು ಕಟ್ಟುವುದು ಅದಕ್ಕೇ. ಮೊದಲು ಹತ್ತಲು ನಾನು ಓಡಿಹೋಗಿ ಮುಂದೆ ನಿಂತೆ.

"ನೀ ಬ್ಯಾಡವಾ, ಭಾಳ ಜಗ್ಗತಿ. ಅಕ್ಕನ ಕೈ ಹಗುರ ಐತಿ," ಎಂದ ಅಪ್ಪ. ಅಕ್ಕ ನನ್ನನ್ನು ನೋಡಿ ನಕ್ಕಳು.

ಅಕ್ಕ ಹತ್ತುವ ಮೊದಲು ಅವರಿಬ್ಬರೂ ಊಟಕ್ಕೆ ಒಳಗೆ ಹೋದಾಗ ಮೂಗುಪಟ್ಟಿಯನ್ನು ಜೋಳದ ಕಣಿಕೆಯ ಬಣಿವೆಯಲ್ಲಿ ಬಚ್ಚಿಟ್ಟೆ. ಅಪ್ಪ ಬಂದು ಹುಡುಕಿದ, ನನ್ನ ಮುಖ ನೋಡಿದ. ಬೈಯಲಿಲ್ಲ. ಕಡಿವಾಣವನ್ನು ನನ್ನ ಕೈಗೆ ಕೊಟ್ಟ.

"ಹಂಗಾರ ಇದನ್ನ ಹಾಕೂಣು. ಮೊದಲ ನೀ ಬಾಯಾಗ ಹಿಡದು ನೋಡು."

ಹಿಡಿದೆ. ಹಲ್ಲಿಗೆ ಬಡಿಯಿತು, ನಾಲಿಗೆ ಅಲ್ಲಾಡಲಿಲ್ಲ. ಉಗುಳಿ, ಮೂಗುಪಟ್ಟಿ ತಂದು ನಾನೇ ಕಟ್ಟಿದೆ. ಕುದುರೆ ನನ್ನ ಅಂಗೈಗೆ ಮೂತಿ ಒತ್ತಿತು.

"ಈಗರೆ ನಾ ಹತ್ತಲೇನಪ್ಪಾ?"

"ಅಕ್ಕ ಹತ್ತಲಿ."

ಅಕ್ಕ ಹತ್ತಿ ರಂಗಂಪೇಟೆಯ ದಾರಿ ಹಿಡಿದಳು. ಕುದುರೆ ಒಮ್ಮೆಯೂ ಹಿಂತಿರುಗಿ ನೋಡಲಿಲ್ಲ. ಧೂಳು ಇಳಿಯುವವರೆಗೂ ನಾನು ಕಬ್ಬಿಣದ ರುಚಿಯನ್ನು ಉಗುಳುತ್ತ ನಿಂತಿದ್ದೆ.